ಗುಂಡಿ ಹಾಗೇ ಇದೆ, ರೀಲ್ಸ್ ಮಾತ್ರ ಸೂಪರ್

ಮದ್ದೂರು ಕಡೆ ನಮ್ಮೂರಿನ ರಸ್ತೆ ಗುಂಡಿ ನೋಡಲು ಮೊನ್ನೆ ಒಬ್ಬ ನಾಯಕರು ಬಂದಿದ್ದರು. ಗುಂಡಿ ಹತ್ರ ನಿಂತಿದ್ದು ಎರಡೇ ನಿಮಿಷ, ಕಾರಿಂದ ಇಳಿದಿದ್ದು ಮಾತ್ರ ಮೂರು ಸಲ, ತಲೆ ಮೇಲೆ ಡ್ರೋನ್ ಬೇರೆ ಗುಂಯ್ ಅಂತಿತ್ತು, ಕ್ಯಾಮೆರಾ ಹುಡುಗ ನಮ್ಮ ದೊಡ್ಡಪ್ಪನಿಗೆ 'ಯಜಮಾನ್ರೇ, ಇನ್ನೊಂದ್ಸಲ ಕೈ ಮುಗೀರಿ, ಮುಖಕ್ಕೆ ಬೆಳಕು ಬೀಳ್ಲಿಲ್ಲ' ಅಂತಾನೆ! ಸಂಜೆಗೆ ರೀಲ್ಸ್ ಬಂತು. ಸ್ಲೋ ಮೋಷನ್ನು, ತಮಟೆ ಸದ್ದು, ಕೈ ಮುಗಿದ ದೊಡ್ಡಪ್ಪ. ಅವರು 'ಗುಂಡಿ ಮುಚ್ಸಿ ಸ್ವಾಮಿ' ಅಂದಿದ್ದು ಮಾತ್ರ ಕಟ್.

2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಂತಾಗ ಈ ಕಾಟ ಮುಗೀತು ಅಂದುಕೊಂಡಿದ್ದೆ. ಜುಲೈಗೇ ಇನ್‌ಸ್ಟಾಗ್ರಾಮ್‌ನವರು ರೀಲ್ಸ್ ತಂದರು. ಈಗ ಯಾವ ಪಕ್ಷ ನೋಡಿದರೂ ಇದೇ ಕಥೆ, ಕೆಲಸಕ್ಕಿಂತ ಎಡಿಟಿಂಗೇ ಜಾಸ್ತಿ ಅಲ್ವಾ?

ನಿನ್ನೆ ದೊಡ್ಡಪ್ಪನ ಸ್ಕೂಟರ್ ಅದೇ ಗುಂಡಿಗೆ ಇಳಿಯಿತು. ಅದನ್ನ ಯಾರೂ ಶೂಟ್ ಮಾಡಲಿಲ್ಲ.