ತಿನ್ನಬೇಡಿ ಎನ್ನುವ ಪೊಟ್ಟಣ

ಶಿರಸಿ ಕಡೆ ಆಷಾಢ ಬಂತೆಂದರೆ ಮನೆಯೊಳಗೆ ಗರಿಗರಿ ಅನ್ನುವಂಥದ್ದು ಒಂದೂ ಉಳಿಯುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಹಾಕುವಷ್ಟರಲ್ಲಿ ಚಕ್ಕುಲಿ ಮೆತ್ತಗಾಗುತ್ತದೆ. ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಮದುವೆ ಆಲ್ಬಮ್ಮಿನಲ್ಲಿ ಮದುಮಗನ ಮುಖಕ್ಕೂ ಬೂಸ್ಟು. ಸಾಣಿಕಟ್ಟೆಯ ಕಲ್ಲುಪ್ಪು ಮರಿಗೆಯಲ್ಲೇ ನೀರು ಬಿಟ್ಟುಕೊಂಡು ಕೂತಿರುತ್ತದೆ. ಅಂಥ ಊರಿಗೆ ಹೊಸ ಶೂ ಡಬ್ಬಿಯೊಳಗೆ ಕೂತು ಒಂದು ಪುಟ್ಟ ಪೊಟ್ಟಣ ಬರುತ್ತದೆ, ತೇವ ಹೀರಲಿಕ್ಕೆ. ಪಾಪ. ಘಟ್ಟದ ಮಳೆಗಾಲವನ್ನು ಎರಡು ಗ್ರಾಂ ಹರಳು ಎದುರಿಸಬೇಕು!

ಆದರೂ ನಮ್ಮಲ್ಲಿ ಅದನ್ನು ಬಿಸಾಡುವವರು ಕಡಿಮೆ. ನನ್ನ ಅತ್ತೆಯಂತೂ ಹೊಸ ಬ್ಯಾಗು, ನೀರಿನ ಬಾಟಲಿ, ಮಾತ್ರೆಯ ಡಬ್ಬಿ ಎಲ್ಲದರಿಂದಲೂ ಆರಿಸಿ ತೆಗೆದಿಡುತ್ತಾರೆ. ಬೆಳ್ಳಿ ಬಟ್ಟಲಿನ ಜೊತೆ ಒಂದು, ಸೊಸೈಟಿ ಪಾಸ್‌ಬುಕ್ಕಿನ ಜೊತೆ ಒಂದು, ಜಾತಕಗಳ ಚೀಲಕ್ಕೆ ನಾಲ್ಕು. ಪೊಟ್ಟಣದ ಮೇಲೆ ‘ಡು ನಾಟ್ ಈಟ್’ ಅಂತ ಇಂಗ್ಲಿಷಿನಲ್ಲಿ ದಪ್ಪಕ್ಕೆ ಬರೆದಿರುತ್ತದೆ. ಕೆಲವದರಲ್ಲಿ ಚೀನಿ, ಜಪಾನಿ ಅಕ್ಷರವೂ ಇರುತ್ತದೆ. ಓದಲು ಬರುವವರು ಅದನ್ನು ಹೇಗೂ ತಿನ್ನುವುದಿಲ್ಲ. ತಿನ್ನುವ ವಯಸ್ಸಿನವರಿಗೆ ಇನ್ನೂ ಓದಲು ಬರುವುದಿಲ್ಲ.

ಹೋದ ಮಳೆಗಾಲದಲ್ಲಿ ಆದದ್ದೂ ಅದೇ. ಅತ್ತೆಯ ಮೊಮ್ಮಗಳು ಪೊಟ್ಟಣ ಕಚ್ಚಿ ಹರಿದಿದ್ದಳು. ಒಳಗಿದ್ದದ್ದು ಅರ್ಧ ನೆಲದ ಮೇಲೆ, ಅರ್ಧ ಕಾಣೆ. ಜಗುಲಿ ತುಂಬ ಗಲಾಟೆ. ಒಬ್ಬರು ಉಪ್ಪುನೀರು ಕುಡಿಸಿ ಅಂದರು. ಇನ್ನೊಬ್ಬರು ಬೆರಳು ಹಾಕಿ ವಾಂತಿ ಮಾಡಿಸಲು ಹೊರಟರು. ಮಾವ ಸುಮ್ನೆ ಒಂದು ಬಾಳೆಹಣ್ಣು ಹಿಡಿದು ನಿಂತಿದ್ದರು. ಅತ್ತೆಯ ಹೆದರಿಕೆಯೇ ಬೇರೆ: “ಹೊಟ್ಟೆಯೊಳಗಿದ್ದ ನೀರೆಲ್ಲ ಹೀರಿಬಿಟ್ಟರೆ ಎಂತ ಮಾಡೂದು?”

ಪೇಟೆಯ ಡಾಕ್ಟರಿಗೆ ಫೋನು ಹೋಯಿತು. ಅವರು ಕೇಳಿದ ಮೊದಲ ಪ್ರಶ್ನೆ, “ಮಗು ಅಳ್ತಾ ಇದೆಯಾ?”

“ಜೋರಾಗಿ.”

“ಒಳ್ಳೇದಾಯ್ತು, ಉಸಿರಾಟ ಸರಿ ಇದೆ. ವಾಂತಿ ಮಾಡಿಸಬೇಡಿ. ಬಾಯಲ್ಲಿ ಕಾಣುವ ಹರಳು ತೆಗೆದು, ಬಾಯಿ ತೊಳೆಸಿ, ಸ್ವಲ್ಪ ನೀರು ಕುಡಿಸಿ. ಈಗ ಪೊಟ್ಟಣದ ಮೇಲೆ ಎಂತ ಬರೆದಿದೆ, ಓದಿ.”

ಸಿಲಿಕಾ ಜೆಲ್ ಅಂತ ಬರೆದಿತ್ತು. ಅದು ವಿಷ ಅಲ್ಲ, ಮರಳಿನ ಜಾತಿಯದ್ದು. ಅದೇ ಸಿಲಿಕಾವನ್ನು ಪುಡಿಮಾಡಿ, ಗಂಟು ಕಟ್ಟದಿರಲಿ ಅಂತ ಎಷ್ಟೋ ತಿನ್ನುವ ಪುಡಿಗಳಿಗೂ ಬೆರೆಸುತ್ತಾರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಾಲ್ಟರ್ ಪ್ಯಾಟ್ರಿಕ್ ಇದಕ್ಕೆ ಪೇಟೆಂಟ್ ಪಡೆದದ್ದು 1919ರಲ್ಲಿ. ಹರಳಿನೊಳಗೆಲ್ಲ ಕಣ್ಣಿಗೆ ಕಾಣದ ತೂತು. ಒಂದೇ ಗ್ರಾಮಿನ ಒಳಮೈ ಬಿಡಿಸಿ ಹರಡಿದರೆ ಸುಮಾರು 700 ಚದರ ಮೀಟರ್ ಆಗುತ್ತದೆ, ನಮ್ಮ ಅಂಗಳಕ್ಕಿಂತ ಎಷ್ಟೋ ದೊಡ್ಡದು. ಆ ಗೋಡೆಗಳಿಗೆ ನೀರು ಅಂಟಿಕೊಳ್ಳುತ್ತದೆ. ಅಷ್ಟಾದರೂ ತನ್ನ ತೂಕದ ಶೇಕಡಾ 40ರ ಹತ್ತಿರ ಹೀರಿದರೆ ಅದರ ಹೊಟ್ಟೆ ತುಂಬಿತು. ಎರಡು ಗ್ರಾಮಿನ ಪೊಟ್ಟಣ ಇಡಿಯಾಗಿ ಒಳಗೆ ಹೋದರೂ ಅದು ಕುಡಿಯುವುದು ಒಂದು ಗ್ರಾಂ ನೀರೂ ಅಲ್ಲ. ಅತ್ತೆಗೆ ಚಮಚದಲ್ಲಿ ಅಷ್ಟೇ ನೀರು ಬಿಟ್ಟು ತೋರಿಸಿದ ಮೇಲೆ ಸಮಾಧಾನವಾಯಿತು. ಬಾಯಿ ಒಣಗಬಹುದು, ಹೊಟ್ಟೆ ಸ್ವಲ್ಪ ತೊಳಸಬಹುದು. ನುಂಗಿದ್ದು ಹೋಗಬೇಕಾದ ದಾರಿಯಲ್ಲಿ ಹೋಗುತ್ತದೆ.

ಡಾಕ್ಟರು ಅಳು ಕೇಳಿದ್ದು ಸುಮ್ನೆ ಅಲ್ಲ. ಹರಳೋ, ಇಡೀ ಪೊಟ್ಟಣವೋ ಉಸಿರಿನ ದಾರಿಗೆ ಸಿಕ್ಕಿಕೊಂಡರೆ ಅದೇ ನಿಜವಾದ ಅಪಾಯ. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ದನಿ ಹೊರಡದೆ, ಕೆಮ್ಮಲೂ ಆಗದೆ, ತುಟಿ ನೀಲಿಗಟ್ಟಿದರೆ ಮುಂದಕ್ಕೆ ಬಾಗಿಸಿ, ಬೆನ್ನ ಮೇಲೆ ಎರಡೂ ಹೆಗಲ ನಡುವೆ ಅಂಗೈಯ ಬುಡದಿಂದ ಐದು ಸಲ ಗುದ್ದಬೇಕು. ವರ್ಷ ತುಂಬದ ಕೂಸಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಾಗಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನು ಮಾಡಬೇಕು. ಕಾಣದ್ದನ್ನು ಹುಡುಕಲು ಗಂಟಲಿಗೆ ಬೆರಳು ಹಾಕಬಾರದು, ಇನ್ನೂ ಒಳಗೆ ಹೋಗುತ್ತದೆ.

ಎಲ್ಲ ಪೊಟ್ಟಣವೂ ಇಷ್ಟು ಸಾಧುವಲ್ಲ. ಹೊರದೇಶದ ಕೆಲವು ಅಕ್ಕಿ ಬಿಸ್ಕತ್ತು, ಕಡಲಪಾಚಿಯ ತಿಂಡಿಗಳಲ್ಲಿ ಸುಟ್ಟ ಸುಣ್ಣದ ಪುಡಿ ಇರುತ್ತದೆ. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಿಪ್ಪಿ ಸುಟ್ಟು, ಅದಕ್ಕೆ ನೀರು ಹೊಯ್ದಾಗ ಬುಸ್ಸೆಂದು ಹೊಗೆಯಾಡಿ ಕುದಿಯುವುದನ್ನು ನೋಡಿದವರಿಗೆ ಅದು ಬಾಯೊಳಗೆ ಆದರೆ ಏನು ಅಂತ ಗೊತ್ತು. ಅಂಥದ್ದು ನುಂಗಿದರೆ ಬಾಯಿ ತೊಳೆಸಿ, ತಡಮಾಡದೆ ಆಸ್ಪತ್ರೆಗೆ. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ತೊಳೆಯಬೇಕು. ಕಾರವಾರದ ಮನೆಗಳ ಕಪಾಟಿನಲ್ಲಿ ತೂಗುವ, ತೇವ ಹೀರುವ ಚೀಲದಲ್ಲಿರುವುದು ಕ್ಯಾಲ್ಸಿಯಂ ಕ್ಲೋರೈಡ್. ಅದರ ತಳದಲ್ಲಿ ಕೂಡುವ ನೀರು ನೋಡಲು ತಿಳಿಯಾಗಿರುತ್ತದೆ, ಕುಡಿದರೆ ಬಾಯಿ ಹೊಟ್ಟೆ ಉರಿಯುತ್ತದೆ. ತೇವವಾದಾಗ ಗುಲಾಬಿಯಾಗುವ ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ಕಪ್ಪು ಪುಡಿಯಾದರೆ ಸಾಮಾನ್ಯವಾಗಿ ಕಬ್ಬಿಣ. ಇಂಥವಕ್ಕೆಲ್ಲ ಡಾಕ್ಟರನ್ನು ಕೇಳಲೇಬೇಕು. ಹರಿದ ಪೊಟ್ಟಣವನ್ನೂ ಜೊತೆಗೆ ಒಯ್ಯಬೇಕು. ದೆಹಲಿಯ ಏಮ್ಸ್‌ನಲ್ಲಿರುವ ವಿಷ ಮಾಹಿತಿ ಕೇಂದ್ರದ ನಂಬರು 1800 116 117, ಹಗಲು ರಾತ್ರಿ ಸಿಗುತ್ತದೆ. ನಮ್ಮ ಮನೆಯಲ್ಲಿ ಅದು ಗ್ಯಾಸ್ ಬುಕ್ಕಿಂಗ್ ನಂಬರಿನ ಕೆಳಗೆ ಗೋಡೆ ಹತ್ತಿದೆ.

ಸಂಗ್ರಹವನ್ನೆಲ್ಲ ಈಗ ಅಟ್ಟಕ್ಕೆ ಏರಿಸಿದ್ದಾರೆ, ಗಟ್ಟಿ ಮುಚ್ಚಳದ ಭರಣಿಯಲ್ಲಿ. ಆದರೆ ಹರಳನ್ನು 120 ಡಿಗ್ರಿಯ ಆಸುಪಾಸು ಕಾಯಿಸಿದರೆ ಕುಡಿದ ನೀರು ಬಿಟ್ಟು ಮತ್ತೆ ಕೆಲಸಕ್ಕೆ ಬರುತ್ತದೆ ಅಂತ ಮಾವ ಎಲ್ಲೋ ಓದಿಕೊಂಡು ಬಂದಿದ್ದಾರೆ. ಹಪ್ಪಳ ಕರಿಯುವ ಬಾಣಲೆ ಕೊಡು ಅಂತ ದಿನಾ ಕೇಳುತ್ತಾರೆ. ಅತ್ತೆ ಇನ್ನೂ ಕೊಟ್ಟಿಲ್ಲ.