ಅಜ್ಜಿಯ ಪಾಲಿಸಿಗೆ 99 ವರ್ಷದ ತನಕ ಕವರ್ ಉಂಟಂತೆ!

ನಮ್ಮ ಉಡುಪಿಯವರಿಗೆ ಬ್ಯಾಂಕ್ ಅಂದ್ರೆ ಜಂಬ ಸ್ವಲ್ಪ ಜಾಸ್ತಿಯೇ ಮಾರಾಯ್ರೆ, ಕಾರಣವೂ ಉಂಟು, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕು 1925ರಲ್ಲಿ ಹುಟ್ಟಿದ್ದು ಇಲ್ಲಿ, 1928ರಲ್ಲಿ ಪಿಗ್ಮಿ ಅಂತ ಶುರುಮಾಡಿ ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಆದ್ರೂ ಸರಿ ಅಂತ ತಗೊಂಡು ಹೋಗ್ತಿದ್ರು. ಈಗ ಅಷ್ಟು ಕಷ್ಟ ಯಾರಿಗೂ ಇಲ್ಲ. ಆಚೆಮನೆ ಅಜ್ಜಿ ತಾವೇ ರಿಕ್ಷಾ ಮಾಡಿ ಎಫ್‌ಡಿ ರಿನೀವಲ್‌ಗೆ ಹೋಗ್ತಾರೆ, ಇನ್ಶೂರೆನ್ಸ್ ಹಿಡ್ಕೊಂಡು ವಾಪಸ್ ಬರ್ತಾರೆ.

"ಇದೂ ಎಫ್‌ಡಿ ಹಾಗೆಯೇ ಅಮ್ಮಾ, ಬಡ್ಡಿ ಮಾತ್ರ ಜಾಸ್ತಿ, ಹತ್ತು ವರ್ಷ ಕಟ್ಟಿದ್ರೆ ಆಯ್ತು" ಅಂದನಂತೆ ಬ್ಯಾಂಕಿನ ಹುಡುಗ. ಅಜ್ಜಿಗೆ 76. ವಿಧವಾ ಪೆನ್ಶನ್‌ನಲ್ಲಿ ವರ್ಷ ವರ್ಷ ಪ್ರೀಮಿಯಂ ಕಟ್ಟುವುದು ಹೇಗೆ ಅಂತ ಯಾರೂ ಕೇಳ್ಲಿಲ್ಲ, ಮೊಮ್ಮಗನ ಜೀವಕ್ಕೆ 99 ವರ್ಷದ ತನಕ ಕವರ್ ಉಂಟಲ್ಲ, ಸಾಕು.

ಕಾನೂನು ಇಲ್ಲ ಅಂತ ಹೇಳ್ಬೇಡಿ, ಭಾರೀ ಉಂಟು. ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಫ್ರೀ ಲುಕ್, ಬೇಡ ಅಂದ್ರೆ ವಾಪಸ್ ಕೊಡ್ಬಹುದು. ಆದ್ರೆ ಪಾಲಿಸಿ ಬಂದದ್ದು ಇಮೇಲ್‌ಗೆ. ಅಜ್ಜಿಗೆ ಇಮೇಲ್ ಎಲ್ಲಿಂದ ಅಂದ್ರೆ, ಕೌಂಟರಿನಲ್ಲೇ ಮಾಡಿಕೊಟ್ಟಿದ್ದಾರೆ, ಪಾಸ್‌ವರ್ಡ್ ಕೂಡ ಅವರೇ ಜೋಪಾನ ಇಟ್ಟಿದ್ದಾರೆ, ಎಷ್ಟು ಕಾಳಜಿ ನೋಡಿ! ಮೇಲಿಂದ ವೆರಿಫಿಕೇಶನ್ ಕಾಲ್ ಬೇರೆ. "ಕಾಲ್ ಬಂದ್ರೆ ಎಲ್ಲದಕ್ಕೂ ಹೌದು ಹೇಳಿ, ಇಲ್ಲದಿದ್ರೆ ದುಡ್ಡು ಸಿಕ್ಕಿಹಾಕಿಕೊಳ್ತದೆ" ಅಂತ ಮೊದಲೇ ಪಾಠ ಆಗಿತ್ತು, ಆ ಕಡೆಯಿಂದ ಹುಡುಗಿ ಪುಸ್ತಕದ ಕನ್ನಡದಲ್ಲಿ "ನಿಯಮ ನಿಬಂಧನೆಗಳನ್ನು ಅರ್ಥಮಾಡಿಕೊಂಡಿದ್ದೀರಾ" ಅಂದ್ಲು, ಅಜ್ಜಿ ತುಳುವಿನಲ್ಲಿ "ಅಂದ್ ಅಂದ್", ಅಂದ್ರೆ ಹೌದು ಹೌದು, ಅಂದ್ರು, ಮುಗೀತು ರಕ್ಷಣೆ.

ಈಗ ಕಂಪ್ಲೇಂಟ್ ಕೊಟ್ರೆ ಅದೇ ರೆಕಾರ್ಡಿಂಗ್ ಕೇಳಿಸ್ತಾರೆ. ಇನ್ಶೂರೆನ್ಸ್ ದೂರು ಕೇಳುವ ಓಂಬುಡ್ಸ್‌ಮನ್ ಹತ್ರ ಹೋಗ್ಬಹುದು, ಖರ್ಚಿಲ್ಲ, ಆದ್ರೆ ಮೊದಲು ಕಂಪನಿಗೇ ಬರೆದು ಒಂದು ತಿಂಗಳು ಕಾಯ್ಬೇಕು, ಆಫೀಸು ಬೆಂಗಳೂರಲ್ಲಿ. ಗ್ರಾಹಕರ ಆಯೋಗದಲ್ಲಿ ಕಟ್ಟಿದ ದುಡ್ಡು 5 ಲಕ್ಷದ ತನಕ ಇದ್ರೆ ಫೀಸು ಇಲ್ಲ, ಅಲ್ಲಿ ಕೂಡ ಅಜ್ಜಿ ಸೈನ್ ಹಾಕಿದ ಪೇಪರ್ ಕೇಳ್ತಾರೆ. ಪೇಪರ್ ಎಲ್ಲಿ? ಇಮೇಲ್‌ನಲ್ಲಿ.

ಮೊನ್ನೆ ಅದೇ ಬ್ರಾಂಚಿಂದ ಮೆಸೇಜ್ ಬಂತು, "ವಂಚಕರಿದ್ದಾರೆ ಎಚ್ಚರಿಕೆ, ಅಪರಿಚಿತರ ಮಾತು ನಂಬಬೇಡಿ". ನಾನು ಓದಿ ಹೇಳಿದೆ.

"ಆ ಹುಡುಗ ನಮ್ಮ ಪರಿಚಯದವನೇ ಅಲ್ವಾ ಮಗಾ" ಅಂದ್ರು ಅಜ್ಜಿ, "ಮುಂದಿನ ಕಂತಿನ ಬಗ್ಗೆ ಅವನನ್ನೇ ಕೇಳ್ತೇನೆ".