ಗೂಗಿ ವಾ ಥಿಯಾಂಗೊ ಅವರನ್ನ ಬ್ರಿಟಿಷರು ಜೈಲಿಗೆ ಹಾಕಿದ್ರಾ? ಸತ್ಯಾಂಶ

ಒಂದು ಫಾರ್ವರ್ಡ್ ಓಡಾಡ್ತಿದೆ: ಕೀನ್ಯಾದ ಕಾದಂಬರಿಕಾರ ಗೂಗಿ ವಾ ಥಿಯಾಂಗೊ ಇಂಗ್ಲಿಷ್ ಬಿಟ್ಟು ತಾಯ್ನುಡಿ ಕಿಕುಯುನಲ್ಲಿ ಬರೆದ್ರು ಅಂತ ಬ್ರಿಟಿಷರು ಜೈಲಿಗೆ ಹಾಕಿದ್ರು, ಆಮೇಲೆ ಅವರು ಇಂಗ್ಲಿಷಲ್ಲಿ ಒಂದಕ್ಷರಾನೂ ಬರೀಲಿಲ್ಲ ಅಂತ. ಎರಡೂ ತಪ್ಪು.

ಕೀನ್ಯಾ ಸ್ವತಂತ್ರ ಆಗಿದ್ದು 1963ರಲ್ಲಿ. ಗೂಗಿ ಅರೆಸ್ಟ್ ಆಗಿದ್ದು 1977ರ ಡಿಸೆಂಬರ್ ಕೊನೇ ದಿನ, ಅಂದ್ರೆ ಜೋಮೊ ಕೆನ್ಯಾಟ ಸರ್ಕಾರ ಇದ್ದಾಗ, ಅವರದೇ ದೇಶದ ಸರ್ಕಾರ. ಅದೇ ವರ್ಷ ಅವರ ಇಂಗ್ಲಿಷ್ ಕಾದಂಬರಿ 'ಪೆಟಲ್ಸ್ ಆಫ್ ಬ್ಲಡ್' ಬಂದಿತ್ತು, ಅದರಲ್ಲೂ ಆಳೋರ ಮೇಲೆ ಕಟುವಾದ ಟೀಕೆ ಇತ್ತು, ಆದ್ರೆ ಆಗ ಹಿಡೀಲಿಲ್ಲ. ಲಿಮುರು ಹತ್ರ ಕಮಿರಿಥು ಅನ್ನೋ ಹಳ್ಳೀಲಿ ರೈತರು, ಕಾರ್ಮಿಕರು ಸೇರಿ ಅವರ ಕಿಕುಯು ನಾಟಕ ಆಡಿದ್ರಲ್ಲ, ಜನ ಮುಗಿಬಿದ್ದು ನೋಡಿದ್ರಲ್ಲ, ಅದಾದ್ಮೇಲೇ ನಾಟಕ ಬಂದ್, ವಿಚಾರಣೆನೇ ಇಲ್ದೆ ಒಂದು ವರ್ಷ ಜೈಲು. ನನಗೆ ತುಂಬಾ ತಟ್ಟೋದು ಇದೇ, ಇಂಗ್ಲಿಷಲ್ಲಿ ಬೈದಾಗ ಓದಿದ್ದು ಕೆಲವೇ ಜನ, ತಾಯ್ನುಡೀಲಿ ಹೇಳಿದಾಗ ಊರಿಗೂರೇ ಕೇಳಿಸ್ಕೊಂಡಿತು.

ಕಿಕುಯುನಲ್ಲೇ ಕಾದಂಬರಿ ಬರೀಬೇಕು ಅಂತ ಗಟ್ಟಿ ಮಾಡ್ಕೊಂಡಿದ್ದು ಜೈಲಲ್ಲೇ. ಕಾಮಿಟಿ ಜೈಲಿನ ಟಾಯ್ಲೆಟ್ ಪೇಪರ್ ಮೇಲೆ ಬರೆದ್ರು ಅನ್ನೋದು ಕಟ್ಟುಕಥೆ ಅನ್ಸುತ್ತೆ, ಆದ್ರೆ ನಿಜ. ಆ ಕಾದಂಬರಿ 1980ರಲ್ಲಿ ಅಚ್ಚಾಯ್ತು, ಇಂಗ್ಲಿಷಿಗೆ ಅನುವಾದ ಮಾಡಿದ್ದೂ ಅವರೇ.

ಹಾಗಾಗಿ ಇಂಗ್ಲಿಷನ್ನ ಅವರು ಪೂರ್ತಿ ಬಿಡ್ಲಿಲ್ಲ. ಕಾದಂಬರಿ, ನಾಟಕ ಕಿಕುಯುನಲ್ಲಿ, ಆದ್ರೆ 2010ರಲ್ಲಿ ಬಂದ ಬಾಲ್ಯದ ನೆನಪುಗಳ ಪುಸ್ತಕ ಇಂಗ್ಲಿಷಲ್ಲೇ ಇದೆ, ಅಮೆರಿಕದಲ್ಲಿ ಪ್ರೊಫೆಸರ್ ಆಗಿ ಪಾಠ ಮಾಡಿದ್ದೂ ಇಂಗ್ಲಿಷಲ್ಲೇ.